‘ಕರೆಂಟು’ ಕೊಟ್ಟ ಬಾಯಿಯ ಆರೈಕೆ



ಬಾಯಿ, ಗಂಟಲಿನ ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯನ್ನು ನಮ್ಮವರು ‘ಕರೆಂಟು ಕೊಡುವುದು’ ಎನ್ನುತ್ತಾರೆ. ಮೈಗೆ ವಿದ್ಯುತ್ತು ಹರಿಯುವುದಿಲ್ಲ. ಬೀಳುವುದು ಕ್ಷಕಿರಣದಂಥ ಪ್ರಬಲ ಕಿರಣ. 1941ರಲ್ಲಿ ಪರೇಲಿನಲ್ಲಿ ತೆರೆದ ಟಾಟಾ ಸ್ಮಾರಕ ಆಸ್ಪತ್ರೆಗೆ ಇದಕ್ಕಾಗಿ ನಮ್ಮ ಸೀಮೆಯಿಂದಲೂ ಜನ ಬರುತ್ತಾರೆ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6-7 ವಾರದ ಚಿಕಿತ್ಸೆ. ಆಗ ಏಳುವ ಬಾಯಿಹುಣ್ಣು ಬಹುಮಟ್ಟಿಗೆ ಮಾಯುತ್ತದೆ. ನಾವು ಬರೆಯಹೊರಟಿರುವುದು ತಿಂಗಳು, ವರ್ಷ ಕಳೆದ ಮೇಲೆ ತಲೆದೋರುವ ತೊಂದರೆಗಳನ್ನು. ನಾವು ವೈದ್ಯರಲ್ಲ, ಗಿರಣಿಯ ಲೆಕ್ಕ ಬರೆಯುವವರು. ಓದಿ ತಿಳಿದದ್ದನ್ನು ಹೇಳುತ್ತೇವೆ.

ಕಿರಣ ತಗಲಿದ ಜೊಲ್ಲಿನ ಗ್ರಂಥಿಗಳು ಸೊರಗುತ್ತವೆ. ರೊಟ್ಟಿಯ ತುತ್ತಿಗೊಂದು ಗುಟುಕು ನೀರು ಬೇಕಾಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹಲ್ಲನ್ನು ತೊಳೆದು ಕಾಯುವುದೂ ಜೊಲ್ಲೇ. ಅದಿಲ್ಲದೆ ಹಲ್ಲು ಬುಡದಲ್ಲೇ ಹುಳುಕಾಗುತ್ತದೆ. ನೋವು ತಾಳದೆ ಊರಿಗೆ ಹೋದಾಗ ಯಾರಲ್ಲೋ ಕೀಳಿಸಿಕೊಳ್ಳುತ್ತಾರೆ. ಅಪಾಯವಿರುವುದು ಇಲ್ಲಿಯೇ. ಕಿರಣದಿಂದ ದವಡೆಯ ಸಣ್ಣ ರಕ್ತನಾಳಗಳು ಕೆಟ್ಟಿರುತ್ತವೆ. ರಕ್ತ ಸಾಲದ ಎಲುಬಿನಲ್ಲಿ ಹಲ್ಲು ಕಿತ್ತ ಗಾಯ ಮಾಯದೆ, ಎಲುಬೇ ಸತ್ತು ಹೊರಗೆ ಕಾಣಬಹುದು, ದವಡೆ ಮುರಿಯಲೂಬಹುದು. ಮೇಲಿನ ದವಡೆಗಿಂತ ಕೆಳಗಿನದಕ್ಕೆ ಈ ಭಯ ಹೆಚ್ಚು. ಹತ್ತು ವರ್ಷ ಕಳೆದರೂ ಅದು ತಪ್ಪಿದ್ದಲ್ಲ.

ಆದ್ದರಿಂದ ಕರೆಂಟಿಗೆ ಮುಂಚೆಯೇ ಹಲ್ಲಿನ ವೈದ್ಯರಿಗೆ ತೋರಿಸಬೇಕು. ಉಳಿಯದ ಹಲ್ಲುಗಳನ್ನು ಆಗಲೇ ಕಿತ್ತು, ಗಾಯ ಮಾಯಲು ಎರಡು ಮೂರು ವಾರ ಬಿಡುವುದು ವಾಡಿಕೆ. ಅನಂತರ ವೈದ್ಯರು ಹೇಳಿದ ಫ್ಲೋರೈಡನ್ನು ನಿತ್ಯವೂ ಹಚ್ಚಬೇಕು, ಜೀವಮಾನವಿಡೀ. ಮುಂದೆ ಯಾವ ದಂತವೈದ್ಯರ ಕುರ್ಚಿಯಲ್ಲಿ ಕೂತರೂ ‘ನನಗೆ ಕರೆಂಟು ಕೊಟ್ಟಿದೆ’ ಎಂಬುದೇ ಮೊದಲ ಮಾತಾಗಲಿ. ಯಾವ ಭಾಗಕ್ಕೆ, ಎಷ್ಟು ಕೊಟ್ಟರೆಂಬ ಆಸ್ಪತ್ರೆಯ ಕಾಗದವನ್ನು ಪಗಾರದ ಚೀಟಿಗಿಂತ ಜೋಪಾನವಾಗಿ ಇಡಿರಿ.

ಈಗಿನ ಯಂತ್ರಗಳು ಗ್ರಂಥಿಯನ್ನು ಆದಷ್ಟು ತಪ್ಪಿಸಿ ಕಿರಣ ಬಿಡಬಲ್ಲವು. ಬ್ರಿಟನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯ ಪದ್ಧತಿಯವರಲ್ಲಿ ವರ್ಷದ ತರುವಾಯ ನೂರಕ್ಕೆ 74 ಮಂದಿಗೆ ಬಾಯಿ ಬಹಳ ಒಣಗಿತ್ತು. ಹೊಸ ಪದ್ಧತಿಯಲ್ಲಿ 38 ಮಂದಿಗೆ. ಕಡಿಮೆಯಾಯಿತು, ಇಲ್ಲವಾಗಲಿಲ್ಲ.

ಇನ್ನು ಕೆಲವು. ದವಡೆಯ ಸ್ನಾಯು ಬಿಗಿದು ಬಾಯಿ ತೆರೆಯದಂತಾಗಬಹುದು. ಮೂರು ಬೆರಳು ನಿಲ್ಲಿಸಿ ಹಿಡಿಸದಿದ್ದರೆ ತಡಮಾಡದೆ ತೋರಿಸಿ, ವ್ಯಾಯಾಮ ಕಲಿಯಬೇಕು. ಕತ್ತಿಗೆ ಕಿರಣ ಬಿದ್ದವರಲ್ಲಿ ಥೈರಾಯಿಡ್ ಗ್ರಂಥಿ ಮಂದವಾಗುವುದುಂಟು. ದಣಿವು, ಚಳಿ, ಮೈ ಊದುವುದು—ಇವನ್ನು ಮನೆಯವರು ವಯಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತಾರೆ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ರಕ್ತಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಔಷಧವೆಂದರೆ ದಿನಕ್ಕೊಂದು ಗುಳಿಗೆ. ನೀರು ಕುಡಿದಾಗಲೆಲ್ಲ ಕೆಮ್ಮು ಬಂದರೆ ಅದನ್ನೂ ವೈದ್ಯರಿಗೆ ಹೇಳಿರಿ. ನೀರು ಶ್ವಾಸನಾಳಕ್ಕೆ ಇಳಿಯುತ್ತಿರಬಹುದು.