ಗಾಳಿ ಯಂತ್ರದ ಕರೆಂಟು ಎಲ್ಲಿ ಸೋರುತ್ತದೆ?


ಕುಡಚಡೆಯಲ್ಲಿ ದುಡಿಯುವ ನಮ್ಮವರಲ್ಲಿ ಗದಗ, ಬಾಗಲಕೋಟೆ, ಕೊಪ್ಪಳದ ಕಡೆಯವರು ಇದ್ದಾರೆ. ಊರಿಗೆ ಹೋಗುವ ರೈಲು ಲೋಂಡಾ, ಹುಬ್ಬಳ್ಳಿ ದಾಟಿ ಗದಗಕ್ಕೆ ಬರುತ್ತದೆ. ಅಲ್ಲಿಂದ ಮುಂಡರಗಿ ಕಡೆಗೆ ಬಸ್ಸು ಹತ್ತಿದರೆ ಕಪ್ಪತಗುಡ್ಡದ ಸಾಲು. ಗುಡ್ಡದ ಮೇಲೆ ತಿರುಗುವ ದೊಡ್ಡ ಗಾಳಿ ಯಂತ್ರಗಳನ್ನು ನೀವು ನೋಡಿರಬೇಕು.

ಅಂಥದ್ದೇ ಸಣ್ಣದೊಂದನ್ನು ನಮ್ಮ ಮನೆಯ ಮೇಲೆ ಕೂರಿಸಿದರೆ ಹೇಗೆ? ಸಣ್ಣ ಯಂತ್ರಗಳೂ ಮಾರಾಟಕ್ಕೆ ಸಿಗುತ್ತವೆ. ಆದರೆ ದುಡ್ಡು ಬಿಚ್ಚುವ ಮೊದಲು ಲೆಕ್ಕ ನೋಡ್ರಿ.

ಡಬ್ಬದ ಮೇಲೆ 300 ವ್ಯಾಟ್ ಅಂತ ಬರೆದಿದೆ ಅನ್ನೋಣ. ಅದು ಜೋರು ಗಾಳಿಯ ಮಾತು. ಗಾಳಿ ಸೆಕೆಂಡಿಗೆ 12 ಮೀಟರ್ ಓಡಿದಾಗ ಅಷ್ಟು ಬರುತ್ತದೆ ಅಂತ ಇಟ್ಟುಕೊಳ್ಳಿ. ಗಾಳಿ 4 ಮೀಟರಿಗೆ ಇಳಿದರೆ? ವೇಗ ಮೂರರಲ್ಲಿ ಒಂದು ಪಾಲಾಯಿತು. ಹಾಗಾದರೆ 100 ವ್ಯಾಟ್ ಬರಬೇಕಲ್ಲ? ಬರುವುದಿಲ್ಲ. ಗಾಳಿಯ ಬಲ 27ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 3×3×3=27. ಆಗ ಸಿಗುವುದು ಸುಮಾರು 11 ವ್ಯಾಟ್. ಒಂದು ಎಲ್‌ಇಡಿ ಬಲ್ಬಿಗೆ ಸರಿಹೋಯಿತು!

ಗಾಳಿಯ ಬಲವನ್ನೆಲ್ಲ ಯಾವ ಯಂತ್ರವೂ ಹಿಡಿಯಲಾರದು. ಎಲ್ಲವನ್ನೂ ಹಿಡಿದರೆ ಗಾಳಿ ರೆಕ್ಕೆಯ ಹಿಂದೆಯೇ ನಿಂತುಬಿಡುತ್ತದೆ. ಹೊಸ ಗಾಳಿ ಬರಲು ಜಾಗವೇ ಇರುವುದಿಲ್ಲ. 100ರಲ್ಲಿ 59 ಪಾಲೇ ಮಿತಿ ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1920ರಲ್ಲಿ ಲೆಕ್ಕ ಕಟ್ಟಿ ತೋರಿಸಿದರು. ಸಣ್ಣ ಯಂತ್ರಕ್ಕೆ ಅಷ್ಟೂ ಸಿಗುವುದಿಲ್ಲ.

ಹಿಡಿದದ್ದಾದರೂ ಪೂರಾ ಬ್ಯಾಟರಿಗೆ ಸೇರುತ್ತದೆಯೇ? ಇಲ್ಲೇ ಸೋರಿಕೆ ಇದೆ.

ಬಾವಿಯಿಂದ ಹೊಲಕ್ಕೆ ಮಣ್ಣಿನ ಕಾಲುವೆಯಲ್ಲಿ ನೀರು ಬಿಟ್ಟಿದ್ದೀರಲ್ಲ? ನೀರು ಜೋರಾಗಿದ್ದರೆ ಹೊಲ ಮುಟ್ಟುತ್ತದೆ. ಸಣ್ಣಗೆ ಬಿಟ್ಟರೆ ಕಾಲುವೆಯೇ ಕುಡಿದುಬಿಡುತ್ತದೆ. ಗಾಳಿ ಯಂತ್ರದಲ್ಲೂ ಹೀಗೇ. ಅದರ ಡೈನಮೋ ಕೊಡುವ ಕರೆಂಟು ಹಿಂದೆ ಮುಂದೆ ಹರಿಯುತ್ತದೆ. ಬ್ಯಾಟರಿಗೆ ಒಂದೇ ದಿಕ್ಕಿನ ಕರೆಂಟು ಬೇಕು. ಹಾಗೆ ತಿರುಗಿಸಲು ಡಯೋಡ್ ಎಂಬ ಸಣ್ಣ ಬಿಡಿಭಾಗ ಹಾಕುತ್ತಾರೆ. ಕರೆಂಟು ಒಂದು ಸಲಕ್ಕೆ ಎರಡು ಡಯೋಡ್ ದಾಟಬೇಕು. ಸಾದಾ ಡಯೋಡ್ ಒಂದೊಂದೂ ಸುಮಾರು 0.7 ವೋಲ್ಟ್ ನುಂಗುತ್ತದೆ. ಎರಡೂ ಸೇರಿ 1.4 ವೋಲ್ಟ್.

ಡೈನಮೋ 24 ವೋಲ್ಟ್ ಕೊಟ್ಟರೆ ರೂಪಾಯಿಯಲ್ಲಿ 6 ಪೈಸೆ ಹೋಯಿತು. ಚಿಂತೆಯಿಲ್ಲ. ಬರೀ 6 ವೋಲ್ಟ್ ಕೊಟ್ಟರೆ 23 ಪೈಸೆ, ಹತ್ತಿರ ಹತ್ತಿರ ನಾಲ್ಕಾಣೆ! ಸಣ್ಣ ಯಂತ್ರಕ್ಕೇ ಪೆಟ್ಟು ಹೆಚ್ಚು. ಶಾಟ್ಕಿ ಡಯೋಡ್ ಹಾಕಿದರೆ ಈ ನಷ್ಟ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು ತೊಡಕು. ಬ್ಯಾಟರಿ 12 ವೋಲ್ಟಿನದು, ಬಂದದ್ದು 8 ವೋಲ್ಟ್. ಆಗ ಯಂತ್ರ ತಿರುಗುತ್ತಲೇ ಇರುತ್ತದೆ, ಬ್ಯಾಟರಿಗೆ ಒಂದು ಹನಿಯೂ ಇಳಿಯುವುದಿಲ್ಲ. ತಗ್ಗಿನ ನೀರು ತಾನಾಗಿ ಟಾಕಿಗೆ ಏರುತ್ತದೆಯೇ? ಪಂಪು ಬೇಕು. ಇಲ್ಲಿ ಬೂಸ್ಟ್ ಕನ್ವರ್ಟರ್ ಆ ಪಂಪಿನ ಕೆಲಸ ಮಾಡುತ್ತದೆ. ತಾನೂ ಸ್ವಲ್ಪ ತಿನ್ನುತ್ತದೆ ಅನ್ನಿ.

ಸೈಕಲ್ಲಿನ ಡೈನಮೋ ಟೈರಿಗೆ ಒತ್ತಿದಾಗ ಪೆಡಲ್ ಭಾರ ಆಗುತ್ತಿತ್ತು, ನೆನಪಿದೆಯೇ? ಕರೆಂಟು ಎಳೆದಷ್ಟೂ ರೆಕ್ಕೆಗೂ ಭಾರ. ಸಣ್ಣ ಗಾಳಿಯಲ್ಲಿ ಅತಿಯಾಗಿ ಎಳೆದರೆ ರೆಕ್ಕೆ ನಿಂತೇಹೋಗುತ್ತದೆ. ಕಡಿಮೆ ಎಳೆದರೆ ರೆಕ್ಕೆ ಸುಮ್ಮನೆ ಗಿರಗಿರ ಸುತ್ತುತ್ತದೆ, ಲಾಭವಿಲ್ಲ. ಒಳ್ಳೆಯ ಕಂಟ್ರೋಲರ್ ಇದ್ದರೆ ಅದು ಸ್ವಲ್ಪ ಹೆಚ್ಚು ಎಳೆದು ನೋಡುತ್ತದೆ, ಸ್ವಲ್ಪ ಕಡಿಮೆ ಎಳೆದು ನೋಡುತ್ತದೆ. ಯಾವುದರಲ್ಲಿ ಹೆಚ್ಚು ವ್ಯಾಟ್ ಬಂತೋ ಅದನ್ನೇ ಹಿಡಿಯುತ್ತದೆ. ಅಂಗಡಿಯಲ್ಲಿ 'ಎಂಪಿಪಿಟಿ ಇದೆಯಾ?' ಅಂತ ಕೇಳಿ. '4 ಮೀಟರ್ ಗಾಳಿಗೆ ಎಷ್ಟು ವ್ಯಾಟ್?' ಅಂತಲೂ ಕೇಳಿ. ಉತ್ತರ ಬರದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ನನ್ನ ಮಾತು ಕೇಳುವುದಾದರೆ, ಸುತ್ತ ತೆಂಗು, ಪಕ್ಕದಲ್ಲಿ ಕಟ್ಟಡ ಇರುವ ಓಣಿಯ ಮನೆಗೆ ಇದು ಬೇಡ. ಅಲ್ಲಿ ಗಾಳಿ ಒಡೆದು ಸುಳಿಯಾಗುತ್ತದೆ. ಊರಿನ ಹೊಲದಲ್ಲಿ ಬಯಲು ದಿಬ್ಬವಿದ್ದರೆ ಮೊದಲು ಎತ್ತರದ ಕಂಬಕ್ಕೆ ಬಟ್ಟೆಯ ಪಟ್ಟಿ ಕಟ್ಟಿ. ವರ್ಷದಲ್ಲಿ ಎಷ್ಟು ತಿಂಗಳು ಅದು ಚೆನ್ನಾಗಿ ಹಾರುತ್ತದೆ ನೋಡಿ.

ಲೆಕ್ಕ ಮಾಡಿ: ಡೈನಮೋ 14 ವೋಲ್ಟ್ ಕೊಟ್ಟಾಗ ಸಾದಾ ಡಯೋಡ್‌ಗಳು 1.4 ವೋಲ್ಟ್ ನುಂಗಿದವು. ರೂಪಾಯಿಯಲ್ಲಿ ಎಷ್ಟು ಪೈಸೆ ಹೋಯಿತು? ಡೈನಮೋ 2.8 ವೋಲ್ಟ್ ಮಾತ್ರ ಕೊಟ್ಟರೆ ಎಷ್ಟು ಪೈಸೆ?