ಎಳೆಯರ ಕಥಾಪಾಠದಲ್ಲಿ ಸ್ನೇಹ ಮತ್ತು ‘ನಮ್ಮವರು’ ಎಂಬ ಭಾವ: ಕೇರಳದ ತರಗತಿಗಳನ್ನು ಕುರಿತು

ಮಕ್ಕಳಿಗೆ ಕಥೆಯನ್ನು ಓದಿಸಿದ ಬಳಿಕ ‘ಇದರ ನೀತಿಯೇನು?’ ಎಂದು ಕೇಳುವುದು ಶಾಲೆಗಳಲ್ಲಿ ರೂಢವಾಗಿ ಬಂದ ಪದ್ಧತಿ. ‘ಎಲ್ಲರೊಡನೆ ಸ್ನೇಹದಿಂದಿರಬೇಕು’ ಎಂಬ ಉತ್ತರವನ್ನು ಐದಾರು ವರ್ಷದ ಮಗು ಸುಲಭವಾಗಿ ಒಪ್ಪಿಸುತ್ತದೆ. ಮರುಗಳಿಗೆಯಲ್ಲೇ ಹೊಸದಾಗಿ ಬಂದ ಸಹಪಾಠಿಯನ್ನು ಆಟದಿಂದ ಹೊರಗಿಡಲೂ ಬಲ್ಲದು. ಆದುದರಿಂದ ಸ್ನೇಹವನ್ನು ಕಲಿಸುವ ಕಥಾಪಾಠದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: ಈ ಕಥೆಯಲ್ಲಿ ಯಾರಿಗೆ ಇಂಬು ದೊರೆಯಿತು, ಯಾರಿಗೆ ದೊರೆಯಲಿಲ್ಲ, ಇಂಬು ಕೊಟ್ಟವರು ಯಾರು?

ಕೇರಳದ ಕನ್ನಡ ಮಕ್ಕಳ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವುಗಳ ಪಠ್ಯಪುಸ್ತಕಗಳನ್ನು ತಿರುವನಂತಪುರದ ರಾಜ್ಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಸಿದ್ಧಪಡಿಸುತ್ತದೆ. ಅಲ್ಲಿಯ ಮಗುವಿಗೆ ತನ್ನ ನುಡಿಯ ಕಥೆ ಪಾಠದಲ್ಲೇ ಸಿಗುತ್ತದೆ. ಆದರೆ ನೌಕಾನೆಲೆ, ಬ್ಯಾಂಕು, ಬಾಹ್ಯಾಕಾಶ ಕೇಂದ್ರಗಳ ಉದ್ಯೋಗಕ್ಕಾಗಿ ಕೊಚ್ಚಿಗೋ ತಿರುವನಂತಪುರಕ್ಕೋ ಬಂದ ಕುಟುಂಬದ ಮಗು ತರಗತಿಯಲ್ಲಿ ಕನ್ನಡ ಬಲ್ಲ ಒಂದೇ ಮಗುವಾಗಿರುವುದು ಸಾಧ್ಯ. ಅದರ ಮನೆಯ ಕಥೆ ಶಾಲೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಇಂಥ ತರಗತಿಯಲ್ಲಿ ಓದಿಸಬಹುದಾದ ಮೂರು ಕಥೆಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ಕನ್ನಡಿಗರೆಲ್ಲರಿಗೂ ಪರಿಚಿತವಾದ ಜನಪದ ಕಥನಗೀತೆ ‘ಗೋವಿನ ಹಾಡು’. ಇದನ್ನು ಸತ್ಯದ ಪಾಠವೆಂದು ಬೋಧಿಸುವುದು ವಾಡಿಕೆ. ಆದರೆ ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತಿನಂತೆ ಹಿಂದಿರುಗುವ ಮುನ್ನ ದೊಡ್ಡಿಯಲ್ಲಿ ನಡೆಯುವ ಸನ್ನಿವೇಶವು ಎಳೆಯರ ಪಾಲಿಗೆ ಅಷ್ಟೇ ಮುಖ್ಯವಾದುದು. ಅವಳು ಉಳಿದ ಹಸುಗಳನ್ನು ಅಮ್ಮ, ಅಕ್ಕ ಎಂಬ ಬಂಧುವಾಚಕಗಳಿಂದ ಕರೆದು, ತಬ್ಬಲಿಯಾಗಲಿರುವ ಕರುವನ್ನು ನೋಯಿಸದೆ ತಮ್ಮದೆಂದೇ ಕಾಣಬೇಕೆಂದು ಬೇಡಿಕೊಳ್ಳುತ್ತಾಳೆ. ಒಂದು ಜೀವವನ್ನು ಹಿಂಡು ತನ್ನದಾಗಿಸಿಕೊಳ್ಳುವ ಕ್ಷಣವಿದು. ‘ನೀವು ಆ ಹಸುಗಳಾಗಿದ್ದರೆ ಕರುವಿಗೆ ಮೊದಲು ಏನು ಹೇಳುತ್ತಿದ್ದಿರಿ?’ ಎಂಬ ಪ್ರಶ್ನೆಗೆ ಬಾಯಿಪಾಠದ ಉತ್ತರವಿಲ್ಲ. ಪ್ರಾಣ ಬಿಡುವ ಹುಲಿಯ ಬಗೆಗೂ ಮಕ್ಕಳು ಮರುಗುವುದುಂಟು. ಆ ಮರುಕವನ್ನು ಅಧ್ಯಾಪಕರು ತಡೆಯಬಾರದು.

ಎರಡನೆಯದು ಪಂಚತಂತ್ರದ ಕಾಗೆ, ಇಲಿ, ಆಮೆ, ಜಿಂಕೆಗಳ ಕಥೆ. ಹನ್ನೊಂದನೆಯ ಶತಮಾನದ ದುರ್ಗಸಿಂಹನ ‘ಕರ್ಣಾಟಕ ಪಂಚತಂತ್ರ’ವು ವಸುಭಾಗಭಟ್ಟನ ಪರಂಪರೆಯನ್ನು ಅನುಸರಿಸಿದ್ದು, ಅದರ ಐದು ಪ್ರಕರಣಗಳಲ್ಲಿ ಮೊದಲನೆಯದು ‘ಭೇದ’, ಕೊನೆಯದು ‘ಮಿತ್ರಕಾರ್ಯ’ ಎಂಬುದು ಗಮನಾರ್ಹ. ಕಾಗೆ ಗೆಳೆತನ ಬಯಸಿ ಬಂದಾಗ ಇಲಿ ಒಡನೆಯೇ ಒಪ್ಪುವುದಿಲ್ಲ. ತಿನ್ನುವವನಿಗೂ ತಿನಿಸಿಗೂ ಸ್ನೇಹವೆಲ್ಲಿಯದೆಂದು ಬಿಲದೊಳಗಿನಿಂದಲೇ ವಾದಿಸುತ್ತದೆ. ಹೊಸ ಊರಿಗೆ ಬಂದು ಮೌನವಾಗಿ ಕುಳಿತ ಮಗುವಿಗೆ ಈ ಇಲಿ ಆಪ್ತವಾದೀತು. ನಂಬಿಕೆಗೆ ಕಾಲ ಬೇಕು. ‘ಹೋಗು, ಎಲ್ಲರೊಡನೆ ಆಡು’ ಎಂಬ ಆಜ್ಞೆಯಿಂದ ಅದು ಹುಟ್ಟದು. ಮುಂದೆ ಬೇಡನ ಕೈಗೆ ಆಮೆ ಸಿಕ್ಕಾಗ ಜಿಂಕೆ ಸತ್ತಂತೆ ನಟಿಸುತ್ತದೆ, ಕಾಗೆ ಅದನ್ನು ಕುಕ್ಕುವಂತೆ ತೋರುತ್ತದೆ, ಇಲಿ ಕಟ್ಟನ್ನು ಕಡಿಯುತ್ತದೆ. ನಾಲ್ವರೂ ಬೇರೆಬೇರೆ ಬಗೆಯವರಾಗಿದ್ದುದರಿಂದಲೇ ಈ ಬಿಡುಗಡೆ ಸಾಧ್ಯವಾಯಿತು.

ಮೂರನೆಯದು ಕೇರಳದ್ದೇ ಆದ ‘ಪರಯಿ ಪೆಟ್ಟ ಪಂದಿರುಕುಲಂ’ ಎಂಬ ಐತಿಹ್ಯ. ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲೆ’ಯಲ್ಲಿ ಇದು ಸೇರಿದೆ. ವರರುಚಿಗೂ ಪರಯ ಕುಲದ ಹೆಂಡತಿಗೂ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ಕೊನೆಯವನು ದೈವವಾಗಿ ನೆಲೆಗೊಂಡರೆ, ಉಳಿದವರು ಬೇರೆಬೇರೆ ಕುಲಗಳ ಮನೆಗಳಲ್ಲಿ ಬೆಳೆಯುತ್ತಾರೆ: ಅಗ್ನಿಹೋತ್ರಿ ಬ್ರಾಹ್ಮಣರಲ್ಲಿ, ಪಾಕ್ಕನಾರ್ ಪರಯರಲ್ಲಿ, ಪೆರುಂದಚ್ಚನ್ ಬಡಗಿಗಳಲ್ಲಿ. ಪೆರುಂದಚ್ಚನ್‌ನದೆಂದು ಹೇಳುವ ಉಳಿಯನ್ನೂರು ಕೊಚ್ಚಿಗೆ ಸಮೀಪದ ಆಲುವಾದ ಬಳಿಯೇ ಇದೆ. ತಂದೆಯ ಶ್ರಾದ್ಧದ ದಿನ ಎಲ್ಲರೂ ಅಗ್ನಿಹೋತ್ರಿಯ ಮನೆಯಲ್ಲಿ ಸೇರುತ್ತಾರೆ. ಆ ಮನೆಯವರಿಗೆ ಅದು ಹಿಡಿಸದಿದ್ದರೂ ಸೇರುತ್ತಾರೆ. ಶಿಶುಗಳನ್ನು ಹುಟ್ಟಿದಲ್ಲೇ ಬಿಟ್ಟುಹೋಗುವ ಭಾಗ ಎಳೆಯರನ್ನು ಅಂಜಿಸಬಹುದು. ಆದುದರಿಂದ ಕೂಟದ ದಿನದಿಂದ ಕಥೆಯನ್ನು ಆರಂಭಿಸುವುದು ಯುಕ್ತ. ಬೇರೆ ಬೇರೆ ನುಡಿ, ಊಟ, ಉಡುಗೆಗಳ ಮನೆಗಳಿಂದ ಬಂದು ಒಂದೇ ಕೋಣೆಯಲ್ಲಿ ಕೂರುವ ಮಕ್ಕಳಿಗೆ ಆ ಕೂಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆಗಳನ್ನು ಓದಿಸುವ ಕ್ರಮದಲ್ಲಿ ಭಾಷೆಯೂ ನೆರವಾಗುತ್ತದೆ. ಕನ್ನಡದ ಇಲಿ, ಆಮೆ, ಕಾಗೆಗಳು ಮಲಯಾಳದಲ್ಲಿ ಎಲಿ, ಆಮ, ಕಾಕ್ಕ. ಕನ್ನಡದ ಹಸು ಅಲ್ಲಿ ಪಶು. ಹಳಗನ್ನಡದ ‘ಪುಲಿ’ ಮಲಯಾಳದಲ್ಲಿ ಇಂದಿಗೂ ಉಳಿದಿದೆ. ಈಗ ಅದು ಹೆಚ್ಚಾಗಿ ಚಿರತೆಗೆ ಸಲ್ಲುತ್ತದೆ. ಅಧ್ಯಾಪಕರು ಕಥೆಯನ್ನು ತರಗತಿಯ ಭಾಷೆಯಲ್ಲಿ ಓದುತ್ತ ಪ್ರಾಣಿಗಳ ಹೆಸರು ಬಂದಾಗ ನಿಂತು, ‘ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ?’ ಎಂದು ಕೇಳಿದರೆ ಸಾಕು. ಅದುವರೆಗೆ ಮಾತು ಬಾರದವನೆಂದು ಎಣಿಸಲ್ಪಟ್ಟ ಮಗು ಉಳಿದವರಿಗೆ ಒಂದು ಮಾತನ್ನು ಕೊಡಬಲ್ಲವನಾಗುತ್ತಾನೆ. ಮಟ್ಟಾಂಚೇರಿಯಂಥ ಕಡೆ ಕೊಂಕಣಿ, ಗುಜರಾತಿ ಮನೆಗಳ ಮಕ್ಕಳಿಗೂ ಈ ಕ್ರಮ ಅನ್ವಯಿಸುತ್ತದೆ.

ಕನಿಕರದಿಂದ ದೊರೆತ ಇಂಬು ಬಹುಕಾಲ ನಿಲ್ಲುವುದಿಲ್ಲ. ಮಿತ್ರಕಾರ್ಯದ ಇಲಿಯಂತೆ ತನ್ನಿಂದಲೂ ಏನೋ ಆಗಬೇಕಾಗಿದೆ ಎಂದು ತಿಳಿದ ಮಗು ಮಾತ್ರ ತಾನು ಈ ಗುಂಪಿನವನೆಂದು ನಂಬುತ್ತದೆ. ಮನೆಯ ನುಡಿಯನ್ನು ಬಾಗಿಲಾಚೆ ಬಿಟ್ಟು ಬಾ ಎನ್ನುವ ತರಗತಿ ಎಷ್ಟು ಸ್ನೇಹದ ಕಥೆಗಳನ್ನು ಓದಿಸಿದರೂ ಪ್ರಯೋಜನ ಅಲ್ಪ. ಕನ್ನಡ ಅಧ್ಯಯನ ವಿಭಾಗಗಳು ಹೊರನಾಡಿನ ಎಳೆಯ ಕನ್ನಡಿಗರಿಗಾಗಿ ಕಥಾಸಂಕಲನಗಳನ್ನು ಯೋಜಿಸುವಾಗ ಕನ್ನಡದ ಕಥೆಯೊಂದಿಗೆ ಆ ನೆಲದ ಕಥೆಯನ್ನೂ ಜೋಡಿಸಿ ಕೊಡುವುದು ಅಗತ್ಯ. ನೆರೆಮನೆಯ ಮಗುವೂ ಅದನ್ನು ಓದುವಂತಾದಾಗಲೇ ಅಂಥ ಸಂಕಲನ ಸಾರ್ಥಕವಾಗುತ್ತದೆ.