ಒಂದು ಮೂಲೆಯಷ್ಟು ಸಡಿಲ

ಅಳಿಯಾ, ಮೊನ್ನೆ ನೀನು ಕೆರೆ ಏರಿ ಮೇಲೆ ಬರ್ತಿದ್ದಾಗ ನಾನು ಜಗುಲಿಯಲ್ಲಿ ಕೂತು ಕಾಫಿ ಕುಡೀತಿದ್ದೆ. ಗಾಡಿ ಕಣ್ಣಿಗೆ ಬೀಳೋ ಮೊದಲೇ ಸದ್ದು ಬಂತು. ಎಂಜಿನ್ ಸದ್ದಲ್ಲ, ಅದರ ಅಡಿಯಲ್ಲಿ ಇನ್ನೊಂದು, ರಾಗಿಕಲ್ಲು ಬೀಸಿದ ಹಾಗೆ ಗುಂಯ್ ಅನ್ನೋದು. ಏರಿ ಎಡಕ್ಕೆ ತಿರುಗೋ ಕಡೆ ಜೋರಾಯ್ತು, ನೇರಕ್ಕೆ ಬಂದಾಗ ಇಳೀತು. ನೀನು ಇಳಿದವನೇ 'ಬಟನ್ ಟೈರ್ ಮಾವ, ಸದ್ದು ಬಂದೇ ಬರುತ್ತೆ' ಅಂದೆ. ನಿಮ್ಮತ್ತೆ ಎದುರಿಗೆ ಯಾಕೆ ಅಂತ ಸುಮ್ಮನಾದೆ. ಅದು ಟೈರಲ್ಲ. ಬಲಗಡೆ ಮುಂದಿನ ಚಕ್ರದ ಬೇರಿಂಗು.

ಎಡಕ್ಕೆ ತಿರುಗಿದಾಗ ಗಾಡಿ ಭಾರ ಬಲಕ್ಕೆ ವಾಲುತ್ತೆ. ಬಲಗಡೆ ಬೇರಿಂಗ್ ಹಾಳಾಗಿದ್ರೆ ಆಗ ಕೂಗುತ್ತೆ. ಟೈರ್ ಸದ್ದು ಹಂಗೆ ಒಂದು ತಿರುವಿಗೆ ಎದ್ದು ಇನ್ನೊಂದಕ್ಕೆ ಅಡಗೋದಿಲ್ಲ. ಅಟ್ಟದ ಮೇಲಿನ ಕಾಯಿ ಕಿವಿ ಹತ್ರ ಅಲ್ಲಾಡಿಸಿ, ಉಂಡೆ ಬಿಟ್ಟಿದೆಯೋ ಇಲ್ಲವೋ ಅಂತ ಸುಲಿಯದೇ ಹೇಳೋ ಹುಡುಗ ನೀನು. ಅದೇ ಕಿವಿ ಇಲ್ಲೂ ಇಡು.

ಕಿವಿ ಒಂದನ್ನೇ ನಂಬಿ ಬಿಚ್ಚೋಕೆ ಕೂರಬೇಡ. ಜಾಕ್ ಹಾಕಿ ಚಕ್ರ ಎತ್ತು. ತೋಟದೊಳಗೆ ಬೇಡ, ನೀರು ಬಿಟ್ಟ ಮಣ್ಣಲ್ಲಿ ಜಾಕ್ ಇಳಿದುಹೋಗುತ್ತೆ. ಕಣದಲ್ಲಿ ನಿಲ್ಲಿಸಿ ಜಾಕ್ ಕೆಳಗೆ ದಪ್ಪ ಹಲಗೆ ಕೊಡು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡು. ಚಕ್ರದ ತಲೆಗೊಂದು ಕೈ, ಬುಡಕ್ಕೊಂದು ಕೈ ಹಾಕಿ ಅಲ್ಲಾಡಿಸು. ಲೊಟಕ್ ಅಂದ್ರೆ ನಿನ್ನ ತಮ್ಮನಿಗೆ ಬ್ರೇಕ್ ತುಳಿಯೋಕೆ ಹೇಳಿ ಇನ್ನೊಂದ್ಸಲ ಅಲ್ಲಾಡಿಸು. ಬ್ರೇಕ್ ತುಳಿದಾಗ ಆಟ ನಿಂತುಹೋದ್ರೆ ಬೇರಿಂಗೇ. ಆಗಲೂ ಆಡ್ತಿದ್ರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಕೀಲು, ಕಿಂಗ್ ಪಿನ್ ಕಡೆ ನೋಡು. ಮೇಲೆ ಕೆಳಗೆ ಗಟ್ಟಿ ಇದ್ದು ಅಕ್ಕಪಕ್ಕ ಮಾತ್ರ ಆಡಿದ್ರೆ ಸ್ಟೇರಿಂಗಿನ ರಾಡು. ಇದನ್ನ ನೋಡದೇ ಬೇರಿಂಗ್ ತಂದು ಹಾಕಿ, ಆಟ ಹಂಗೇ ಉಳಿದು, ಅಂಗಡಿಯವನಿಗೆ ಬೈದೋರನ್ನ ನಾನು ನೋಡಿದೀನಿ.

ಇನ್ನು ಬಿಚ್ಚೋದು. ನಿನ್ನದು ಹಳೇ ಮಹೀಂದ್ರ, ಮುಂದೆ ಗಟ್ಟಿ ಆಕ್ಸಲ್ಲು. 1940ರ ದಶಕದ ಕೊನೆಗೆ ಮಹೀಂದ್ರದವರು ಇಲ್ಲಿ ಜೋಡಿಸೋಕೆ ಹಿಡಿದ ವಿಲ್ಲಿಸ್ ಜೀಪಿನ ಚಕ್ರದೊಳಗೆ ಇದ್ದ ಕಟ್ಟೇ ನಿನ್ನ ಚಕ್ರದೊಳಗೂ ಇರೋದು. ಹಬ್ಬಿನ ಒಳಗಡೆಗೊಂದು, ಹೊರಗಡೆಗೊಂದು, ಒಟ್ಟು ಎರಡು ಟೇಪರ್ ಬೇರಿಂಗು, ಮೂತಿಗೆ ಮೂತಿ ಕೊಟ್ಟು ಕೂತಿರ್ತವೆ. ಉರುಳೆಗಳು ಓರೆಯಾಗಿರೋದ್ರಿಂದ ಮೇಲಿನ ಭಾರವನ್ನೂ ತಡೀತವೆ, ತಿರುವಿನಲ್ಲಿ ಪಕ್ಕದಿಂದ ಬರೋ ನೂಕನ್ನೂ ತಡೀತವೆ. ಇದಕ್ಕೆ 1898ರಲ್ಲಿ ಪೇಟೆಂಟ್ ತಗೊಂಡವನು ಹೆನ್ರಿ ಟಿಮ್ಕನ್ ಅಂತ, ಅಮೆರಿಕದಲ್ಲಿ ಕುದುರೆ ಸಾರೋಟು ಮಾಡೋನು. ಮೋಟಾರಿನೋನಲ್ಲ, ಗಾಡಿ ಕೆಲಸದೋನು! ಅದು ಗೊತ್ತಾದ ದಿನ ನನಗೆ ನಿಮ್ಮ ತಾತ ನೆನಪಾದ್ರು. ತಿಪಟೂರು ಸಂತೆಗೆ ಹೊರಡೋ ಹಿಂದಿನ ರಾತ್ರಿ ಎತ್ತಿನ ಗಾಡಿ ಕೀಲು ತೆಗೆದು, ಚಕ್ರ ಸ್ವಲ್ಪ ಹೊರಗೆಳೆದು, ಲಾಟೀನು ಬೆಳಕಲ್ಲಿ ಅಚ್ಚಿಗೆ ಕೀಲೆಣ್ಣೆ ಸವರೋರು. ಆಮೇಲೆ ಚಕ್ರ ಒಳಕ್ಕೆ ನೂಕಿ ಕೀಲು ಹಾಕಿ, ಅಚ್ಚಿನ ಮೇಲೆ ಚಕ್ರ ಒಂದಿಷ್ಟು ಆಡುತ್ತಾ ಅಂತ ಕೈಯಲ್ಲಿ ನೋಡೋರು. ಆಡದಿದ್ರೆ ಅವರಿಗೆ ಸಮಾಧಾನ ಇರ್ತಿರಲಿಲ್ಲ.

ಬಿಚ್ಚೋ ಮಾತಿಗೆ ವಾಪಸ್ ಬರ್ತೀನಿ. ಹೊರಮೂತಿಯ ಫ್ರೀ ವೀಲಿಂಗ್ ಹಬ್ ತೆಗೆದ ಮೇಲೆ ಒಂದರ ಹಿಂದೊಂದು ಎರಡು ದೊಡ್ಡ ನಟ್ಟು, ನಡುವೆ ಲಾಕ್ ವಾಷರ್ರು. ವಾಷರಿನ ಮಡಿಸಿದ ಕಿವಿ ಬಿಡಿಸಿ ನಟ್ಟು ತೆಗಿ. ಉಳಿ ಇಟ್ಟು ಸುತ್ತಿಗೆಯಲ್ಲಿ ನಟ್ಟಿನ ಮೂಲೆ ಹೊಡೆದು ತಿರುಗಿಸೋ ಮೆಕ್ಯಾನಿಕ್ ಹತ್ರ ಗಾಡಿ ಬಿಡಲೇಬೇಡ, ಆ ಮೂಲೆಗಳ ಕೆಲಸ ಮುಂದೆ ಇದೆ. ಹಬ್ ಹೊರಗೆ ಬಂದ ಕೂಡಲೇ ಒರೆಸೋಕೆ ಹೋಗಬೇಡ. ಮೊದಲು ಗ್ರೀಸ್ ನೋಡು. ಹಾಲು ಜಾಸ್ತಿಯಾದ ಕಾಫಿ ಬಣ್ಣಕ್ಕೆ ತಿರುಗಿದ್ರೆ ನೀರು ಕುಡಿದಿದೆ ಅಂತ ಅರ್ಥ.

ನಮ್ಮ ಕಡೆ ಬೇರಿಂಗ್ ಸಾಯೋದು ಹೆಚ್ಚಾಗಿ ಹಿಂಗೇ. ಟಾರ್ ರಸ್ತೆಯಲ್ಲಿ ಓಡಿ ಹಬ್ ಬಿಸಿಯಾಗಿರುತ್ತೆ. ನೀನು ಅದೇ ಓಟದಲ್ಲಿ ತೋಟಕ್ಕೆ ಇಳಿದು ನೀರು ಬಿಟ್ಟ ಪಾತಿಗೋ, ಹೇಮಾವತಿ ಕಾಲುವೆ ಪಕ್ಕದ ಕೆಸರಿಗೋ ಚಕ್ರ ಅದ್ದುತೀಯ. ಬಿಸಿ ಹಬ್ ತಟಕ್ಕನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗಿ, ಹಬ್ಬಿನ ಹಿಂಬದಿ ಸೀಲಿನ ಸಂದಿಯಿಂದ ನೀರೆಳಕೊಳ್ಳುತ್ತೆ. ಸೀಲ್ ಹೊಸದಾಗಿದ್ರೆ ತಡೀತು. ಆದರೆ ಸೀಲನ್ನ ಹಾಳು ಮಾಡೋದು ನಮ್ಮ ಕಲ್ಪವೃಕ್ಷವೇ ಮಾರಾಯ! ಕಾಯಿ ಸುಲಿದ ಜಾಗದಲ್ಲಿ ಗಾಡಿ ಓಡಾಡಿಸ್ತೀವಲ್ಲ, ನಾರು ಚಕ್ರದ ಹಿಂದೆ ಸುತ್ತಿಕೊಂಡು, ಸುತ್ತಿ ಸುತ್ತಿ ಹುರಿಯಾಗಿ ಸೀಲಿನ ತುಟಿ ಕುಯ್ದುಬಿಡುತ್ತೆ. ನಾನು ಒಂದ್ಸಲ ಒಳಗಿಂದ ಗೇಣುದ್ದದ ಹುರಿ ಎಳೆದಿದೀನಿ, ಗ್ರೀಸಲ್ಲಿ ನೆನೆದು ಕರ್ರಗಾಗಿತ್ತು. ಚಿಕ್ಕನಾಯಕನಹಳ್ಳಿ ಕಡೆಯೋರಿಗೆ ಗಣಿ ಜೋರಾಗಿ ನಡೀತಿದ್ದ ಕಾಲದಲ್ಲಿ ಇದರ ಜೊತೆಗೆ ಕೆಂಪು ಧೂಳು ಬೇರೆ. ಸೀಲ್ ಹರಿದ ಮೇಲೆ ಗ್ರೀಸಿಗೆ ಅದು ಸೇರಿದ್ರೆ ಸಾಣೆ ಹಿಡಿದ ಹಾಗೆ. ಅದಕ್ಕೇ ತಿಂಗಳಿಗೊಮ್ಮೆ ಚಕ್ರದ ಹಿಂದೆ ಕೈ ಹಾಕಿ ನಾರು ಕಿತ್ತು ಹಾಕು. ಬೇರಿಂಗ್ ಬಿಚ್ಚಿದಾಗಲೆಲ್ಲ ಸೀಲ್ ಹೊಸದು ಹಾಕು, ಹಳೇದನ್ನ ಬಡಿದು ಕೂರಿಸಿ ಉಳಿಸೋ ದುಡ್ಡು ಯಾವ ಲೆಕ್ಕ?

ಬೇರಿಂಗ್ ತರೋಕೆ ಹೋಗುವಾಗ ಹಳೇದನ್ನ ಒರೆಸಿ ಜೇಬಲ್ಲಿ ಹಾಕಿಕೊಂಡು ಹೋಗು. ಅದರ ಮುಖದ ಮೇಲೆ ನಂಬರ್ ಕೆತ್ತಿರುತ್ತೆ, ಅದೇ ನಂಬರ್ ಕೇಳು, ಡಬ್ಬಿ ಮೇಲಿನ ಬಣ್ಣ ನೋಡಿ ತಗೋಬೇಡ. ಉರುಳೆ ಇರೋ ಒಳಭಾಗ, ಕೋನ್ ಮಾತ್ರ ಹೊಸದು ಹಾಕಿ, ಉರುಳೆ ಓಡೋ ಹೊರಬಳೆ, ಅಂದ್ರೆ ಹಳೇ ಕಪ್ಪನ್ನ ಹಬ್ಬಲ್ಲೇ ಬಿಡೋ ಉಳಿತಾಯವೂ ಬೇಡ, ಅವೆರಡೂ ಒಟ್ಟಿಗೇ ಸವೆದ ಜೋಡಿ. ಹಳೇ ಕಪ್ಪನ್ನ ಹಿತ್ತಾಳೆ ರಾಡಿನಲ್ಲಿ ಆ ಕಡೆ ಒಂದು ಏಟು, ಈ ಕಡೆ ಒಂದು ಏಟು ಕೊಟ್ಟು ಇಳಿಸು. ಹೊಸದನ್ನ ಹಾಗೇ ಕೂರಿಸು. ಅದು ತಳ ಮುಟ್ಟಿದಾಗ ಸುತ್ತಿಗೆ ಸದ್ದು ಬದಲಾಗುತ್ತೆ, ಟಪ್ ಟಪ್ ಅಂತಿದ್ದದ್ದು ಟಣ್ ಅನ್ನುತ್ತೆ. ಸುತ್ತಿಗೆಯಿಂದ ನೇರ ಬೇರಿಂಗಿಗೆ ಹೊಡೆದ್ರೆ ಚೂರು ಹಾರಿ ಕಣ್ಣಿಗೆ ಬೀಳುತ್ತೆ.

ಗ್ರೀಸು ಚಕ್ರದ ಬೇರಿಂಗಿಗೆ ಅಂತಲೇ ಬರೋ ಲಿಥಿಯಂ ಗ್ರೀಸ್ ಇರಲಿ. ಹಳೇ ಗ್ರೀಸನ್ನ ಸೀಮೆಎಣ್ಣೆ ಇಲ್ಲಾ ಡೀಸೆಲಲ್ಲಿ ಪೂರ್ತಿ ತೊಳಿ, ಬೇರೆ ಬೇರೆ ಜಾತಿ ಗ್ರೀಸ್ ಬೆರೆತ್ರೆ ನೀರಾಗಿ ಇಳಿದುಹೋಗಬಹುದು. ಎಡ ಅಂಗೈಯಲ್ಲಿ ನೆಲ್ಲಿಕಾಯಿ ಗಾತ್ರ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲದ ಕಡೆಯಿಂದ ಅಂಗೈಗೆ ಒತ್ತಿ ಒತ್ತಿ ಕೆರೆದುಕೋ. ಉರುಳೆಗಳ ಸಂದಿಯಿಂದ ಆಚೆಗೆ ಶಾವಿಗೆ ಎಳೆ ಬಂದ ಹಾಗೆ ಗ್ರೀಸ್ ಬರೋತನಕ ಬಿಡಬೇಡ. ಮೇಲೆ ಬಳಿದ್ರೆ ಒಳಗೆ ಹೋಗೋದಿಲ್ಲ.

ಈಗ ಆ ಮೂಲೆಗಳ ವಿಷಯ. ನಿನ್ನ ವಯಸ್ಸಲ್ಲಿ ನಾನು ಹೊಸ ಬೇರಿಂಗ್ ಹಾಕಿ, ನಟ್ಟನ್ನ ಎಷ್ಟು ಬಿಗಿದರೆ ಅಷ್ಟು ಗಟ್ಟಿ ಅಂತ ತಿಳಕೊಂಡು, ಸ್ಪ್ಯಾನರಿಗೆ ಪೈಪ್ ಸಿಗಿಸಿ ಎಳೆದೆ. ಕೈಯಲ್ಲಿ ಅಲ್ಲಾಡಿಸಿ ನೋಡಿದ್ರೆ ಒಂಚೂರೂ ಆಟ ಇಲ್ಲ. ಎಂಥಾ ಖುಷಿ! ಮಾರನೇ ದಿನ ಹಂದನಕೆರೆ ಕಡೆಯಿಂದ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರಿಗೆ ಹೊರಟೆ. ಸ್ವಲ್ಪ ದೂರಕ್ಕೆ ಕಮಟು ವಾಸನೆ ಬಂತು. ಕೊಬ್ಬರಿ ಎಣ್ಣೆ ಕಾಯ್ತಾ ಇರಬೇಕು ಅಂತ ಮುಂದೆ ಓಡಿಸಿದೆ, ಬುದ್ಧಿ ನೋಡು! ಆಮೇಲೆ ಗಾಡಿ ಎಡಕ್ಕೆ ಎಳೆಯೋಕೆ ಹಿಡೀತು, ಚಕ್ರದಿಂದ ಹೊಗೆ. ಚೊಂಬಿನ ನೀರು ಚಿಮುಕಿಸಿದ್ರೆ ದೋಸೆ ಹೆಂಚಿನ ಮೇಲೆ ಬಿದ್ದ ಹಾಗೆ ಚುಂಯ್ ಅಂತು. ಬಿಸಿಗೆ ಉರುಳೆಗಳು ನೀಲಿಗಟ್ಟಿ, ಕೋನ್ ಹೋಗಿ ಅದು ಕೂರೋ ಸ್ಪಿಂಡಲಿಗೇ ಅಂಟಿಕೊಂಡಿತ್ತು. ಗ್ಯಾಸ್ ಕಟರ್ ಇಟ್ಟು ಬಿಡಿಸಿದ್ದು, ಸ್ಪಿಂಡಲ್ಲೂ ಹೋಯ್ತು. ಮೂಟೆ ಇಳಿಸಿ ಬೇರೆ ಗಾಡಿಗೆ ಹೇರಿದ ಬಾಡಿಗೆ ಬೇರೆ.

ಮಾಡಬೇಕಾದ್ದು ಇಷ್ಟು. ಒಂದು ಕೈಯಲ್ಲಿ ಹಬ್ ತಿರುಗಿಸ್ತಾ ಇನ್ನೊಂದರಲ್ಲಿ ಒಳನಟ್ಟು ಬಿಗಿ. ತಿರುಗಿಸದೇ ಬಿಗಿದ್ರೆ ಉರುಳೆ ಸರಿಯಾಗಿ ಕೂರೋದಿಲ್ಲ. ಹಬ್ ಹಿಡಿದ ಹಾಗೆ ಆದಾಗ ನಿಲ್ಲಿಸು, ಅಲ್ಲಿಂದ ಆರರಲ್ಲೊಂದು ಸುತ್ತು ಹಿಂದಕ್ಕೆ ಬಾ. ನಟ್ಟಿಗೆ ಆರು ಮೂಲೆ ಅಲ್ವಾ, ಒಂದು ಮೂಲೆ ಇದ್ದ ಜಾಗಕ್ಕೆ ಪಕ್ಕದ ಮೂಲೆ ಬಂದ್ರೆ ಅಳತೆ ಮುಗೀತು. ಹಳೇ ಜೀಪಿನ ಲೆಕ್ಕ ಇದು. ನಿನ್ನ ಗಾಡಿ ಪುಸ್ತಕದಲ್ಲಿ ಬೇರೆ ಬರೆದಿದ್ರೆ ಅದನ್ನೇ ನಂಬು. ವಾಷರ್ ಹಾಕಿ ಹೊರನಟ್ಟು ಬಿಗಿದ ಮೇಲೆ ಇನ್ನೊಂದ್ಸಲ ತಿರುಗಿಸಿ ನೋಡು, ಹೊರನಟ್ಟು ಒತ್ತಿದಾಗ ಒಳನಟ್ಟು ಕೂದಲೆಳೆಯಷ್ಟು ಒಳಗೆ ಸರಿಯೋದುಂಟು. ಸರಿಯಾಗಿದ್ದರೆ ಮಾತ್ರ ವಾಷರ್ ಕಿವಿ ಮಡಿಸು.

ಈ ಮಾತನ್ನ ನಿನ್ನ ಸ್ನೇಹಿತನ ಹೊಸ ಗಾಡಿಗೆ ಒಪ್ಪಿಸೋಕೆ ಹೋಗಬೇಡ. ಹೊಸವುಗಳಲ್ಲಿ ಹಬ್ಬೂ ಬೇರಿಂಗೂ ಒಂದೇ ಗಡ್ಡೆಯಾಗಿ ಬರೋದುಂಟು, ಬಿಚ್ಚಿ ಗ್ರೀಸ್ ತುಂಬೋ ಹಂಗಿಲ್ಲ. ಅಲ್ಲಿ ಆಕ್ಸಲ್ ನಟ್ಟನ್ನ ಕಂಪನಿ ಹೇಳಿದಷ್ಟು ಪೂರ್ತಿ, ಟಾರ್ಕ್ ರೆಂಚಿನಲ್ಲಿ ಅಳೆದೇ ಬಿಗೀಬೇಕು. ಹಿಂದಕ್ಕೆ ಬರೋ ಮಾತೇ ಇಲ್ಲ. ಅದು ಸಡಿಲ ಇದ್ದಾಗ ಚಕ್ರ ನೆಲಕ್ಕಿಟ್ಟು ಉರುಳಿಸಿದ್ರೂ ಕೆಟ್ಟುಹೋಗುತ್ತೆ.

ಹಾಂ, ಚಂದಕ್ಕೆ ಅಂತ ಸ್ಪೇಸರ್ ಹಾಕಿ ಚಕ್ರ ಹೊರಕ್ಕೆ ತಂದಿದೀಯಲ್ಲ, ತೆಗೆದುಬಿಡು. ಭಾರ ಎರಡೂ ಬೇರಿಂಗಿನ ನಡುವೆ ಬೀಳೋ ಬದಲು ಹೊರಗಿನದರ ತಲೆ ಮೇಲೇ ಬೀಳುತ್ತೆ. ಚಂದ ನೋಡೋಕೆ ಬರೋರು ಬೇರಿಂಗ್ ಕೊಡಿಸೋದಿಲ್ಲ.

ಭಾನುವಾರ ಕೆಲಸ ಮುಗಿಸಿ, ಸೋಮವಾರ ಖಾಲಿ ಗಾಡಿ ತಿಪಟೂರಿಗೆ ಓಡಿಸು. ನೊಣವಿನಕೆರೆಯಲ್ಲಿ ನಿಲ್ಲಿಸಿ ಎರಡೂ ಹಬ್ಬಿನ ಹತ್ರಕ್ಕೆ ಅಂಗೈ ಹಿಂಬದಿ ಒಯ್ದು ನೋಡಿ, ಆಮೇಲೆ ಮುಟ್ಟು. ಎರಡೂ ಒಂದೇ ಥರ ಬೆಚ್ಚಗಿದ್ರೆ ಮುಂದೆ ಹೋಗು. ಬಲಗಡೇದು ಮಾತ್ರ ಕೈ ತಾಳದಷ್ಟು ಸುಡ್ತಿದ್ರೆ ಅಲ್ಲೇ ನಿಂತು ಫೋನ್ ಮಾಡು. ದೊಡ್ಡ ನಟ್ಟಿನ ಬಾಕ್ಸ್ ಸ್ಪ್ಯಾನರ್ ನಮ್ಮ ಅಟ್ಟದ ಮೇಲೆ, ಕೊಬ್ಬರಿ ರಾಶಿ ಪಕ್ಕ ಗೋಣಿಚೀಲದಲ್ಲಿದೆ. ನಿಮ್ಮತ್ತೆಗೆ ಹೇಳಿದೀನಿ, ಬಂದು ತಗೊಂಡು ಹೋಗು. ಪೈಪ್ ಮಾತ್ರ ಇಲ್ಲೇ ಇರಲಿ.